ಸೋಸಲೆಗೆ ಹೋಗಿ ಬನ್ನಿ, ಮದುವೆ ವೀಡಿಯೊಗೆ ಮುಂಗಡ ಕೊಡುವ ಮುನ್ನ

ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ಛತ್ರ ಹುಡುಕುವುದಕ್ಕೆ ಮೊದಲೇ ವೀಡಿಯೊದವರನ್ನು ಹುಡುಕುವ ಕಾಲ ಇದು. ಛತ್ರಕ್ಕೆ ಇಷ್ಟು, ಅಡಿಗೆಯವರಿಗೆ ಇಷ್ಟು, ಒಡವೆಗೆ ಇಷ್ಟು ಎಂದು ನೀವು ರಾತ್ರಿ ಕೂತು ಪಟ್ಟಿ ಬರೆಯುತ್ತಿರುತ್ತೀರಿ. ಮಗಳು ಬಂದು, "ಅಮ್ಮಾ, ವೀಡಿಯೊಗೆ ಎಷ್ಟು ಇಟ್ಟಿದ್ದೀಯ?" ಎನ್ನುತ್ತಾಳೆ. ಅವಳು ಹೇಳುವ ಮೊತ್ತ ಕೇಳಿ ನಿಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತುತ್ತಾರೆ. "ಆ ದುಡ್ಡಿಗೆ ಕೈಗೆರಡು ಬಳೆ ಮಾಡಿಸಬಹುದಿತ್ತಲ್ಲೇ!" ಎಂದು ನೀವು ಗೊಣಗುತ್ತೀರಿ. ನಿಮ್ಮ ಗೊಣಗಾಟದಲ್ಲಿ ನ್ಯಾಯವಿದೆ, ಮಗಳ ಆಸೆಯಲ್ಲೂ ಇದೆ. ಯಾವುದಕ್ಕೆ ಕೈ ಬಿಚ್ಚಬೇಕು, ಯಾವುದಕ್ಕೆ ಬಿಗಿ ಹಿಡಿಯಬೇಕು ಎಂಬುದಷ್ಟೇ ಗೊತ್ತಾಗಬೇಕು. ಅದನ್ನು ಮನೆಯಲ್ಲೇ ಕೂತು ಮಾತಿಗೆ ಮಾತು ಬೆಳೆಸುವ ಬದಲು, ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಮಗಳನ್ನೂ ಕರೆದುಕೊಂಡು ಸೋಸಲೆಗೆ ಬನ್ನಿ.

"ಸೋಸಲೆಗೂ ಮದುವೆ ವೀಡಿಯೊಗೂ ಏನ್ರೀ ಸಂಬಂಧ?" ಅಂತೀರಾ? ಇದೆ. ಮೈಸೂರು ಸೀಮೆಯ ಹುಡುಗ ಹುಡುಗಿಯರು ಮದುವೆಗೆ ಮುಂಚೆ ಚಿತ್ರ ತೆಗೆಸಿಕೊಳ್ಳಲು ಆಸೆಪಡುವ ತಲಕಾಡಿನ ಮರಳು, ಮುಡುಕುತೊರೆಯ ಹೊಳೆದಂಡೆ, ಸೋಮನಾಥಪುರದ ಗುಡಿ, ಎಲ್ಲವೂ ಇರುವುದು ತಿ. ನರಸೀಪುರ ತಾಲ್ಲೂಕಿನಲ್ಲೇ. ಸೋಸಲೆಯೂ ಅದೇ ತಾಲ್ಲೂಕಿನ ಹೋಬಳಿ ಊರು. ವೀಡಿಯೊದವರ ಪಟ್ಟಿಯಲ್ಲಿ ಇದರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ನಾವು ಮೊದಲು ಅಲ್ಲಿಗೇ ಹೋಗೋಣ.

ಮೈಸೂರಿನಿಂದ ತಿ. ನರಸೀಪುರಕ್ಕೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ದಾರಿಯುದ್ದಕ್ಕೂ ಗದ್ದೆ, ಕಬ್ಬು, ತೆಂಗು. ಬುತ್ತಿಗೆ ಮೊಸರನ್ನ ಕಲಸುವುದಾದರೆ ಹಾಲು ಹೆಚ್ಚು ಹಾಕಿ, ಒಂದೇ ಚಮಚ ಮೊಸರು ಬೆರೆಸಿ. ಮಧ್ಯಾಹ್ನ ಎಲೆಗೆ ಬಡಿಸುವ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಬರುವುದಿಲ್ಲ. ಊರಿಗೆ ಬಂದಮೇಲೆ ಗುಂಜಾ ನರಸಿಂಹಸ್ವಾಮಿಯ ದರ್ಶನ ಮಾಡದೆ ಮುಂದೆ ಹೋಗುವ ಹಾಗಿಲ್ಲ. ದೇವರ ಕೈಯಲ್ಲಿ ಗುಲಗಂಜಿ. ಈ ಸಂಗಮ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಇಲ್ಲಿನವರ ನಂಬಿಕೆ. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ, ಈ ಮೂರೂ ಕೂಡುವ ಜಾಗವಾದ್ದರಿಂದ ತಿರುಮಕೂಡಲು ಎಂಬ ಹೆಸರು. 1989ರಿಂದ ಇಲ್ಲಿ ಕುಂಭಮೇಳವೂ ನಡೆಯುತ್ತಿದೆ. 2025ರ ಫೆಬ್ರವರಿಯಲ್ಲೂ ನಡೆಯಿತು.

ಅಲ್ಲಿಂದ ಸೋಸಲೆ ಹತ್ತಿರ. ಆಟೋ ಸಿಗುತ್ತದೆ. ಕಾವೇರಿ ದಂಡೆಯ ಈ ಊರಿನ ಹೆಸರನ್ನು ದೂರದೂರದವರೂ ಬಲ್ಲರು. ಕೃಷ್ಣದೇವರಾಯನಿಗೆ ಗುರುವಾಗಿದ್ದ ವ್ಯಾಸರಾಯರು ಹುಟ್ಟಿದ್ದು ಇದೇ ತಾಲ್ಲೂಕಿನ ಬನ್ನೂರಿನಲ್ಲಿ. ಅವರ ಪರಂಪರೆಯ ಮಠ ಸೋಸಲೆಯ ಹೆಸರನ್ನೇ ಹೊತ್ತಿದೆ. ಇನ್ನೊಂದು ಹೆಸರು ನಿಮಗೆ ಇನ್ನೂ ಹತ್ತಿರದ್ದು: ಸೋಸಲೆ ಅಯ್ಯಾಶಾಸ್ತ್ರಿಗಳು. ಮೈಸೂರು ಅರಮನೆಯ ಆಸ್ಥಾನದಲ್ಲಿದ್ದ ವಿದ್ವಾಂಸರು. ನೀವು ಚಿಕ್ಕವರಿದ್ದಾಗ ಶಾಲೆಯಲ್ಲಿ ಕೈಮುಗಿದು ನಿಂತು ಹೇಳಿದ ಒಂದು ಪ್ರಾರ್ಥನೆ ಅವರು ಬರೆದದ್ದು. ಅವರು ತೀರಿಕೊಂಡದ್ದು 1934ರಲ್ಲಿ. ಅದಾಗಿ ಇಪ್ಪತ್ತನಾಲ್ಕು ವರ್ಷಕ್ಕೆ, 1958ರಲ್ಲಿ, ಬಿ.ಆರ್. ಪಂತುಲು ಅವರ 'ಸ್ಕೂಲ್ ಮಾಸ್ಟರ್' ಚಿತ್ರದಲ್ಲಿ ಆ ಪ್ರಾರ್ಥನೆ ಬಂತು. ಇಂದಿಗೂ ಅದರ ರಾಗ ನಮ್ಮ ಕಿವಿಯಲ್ಲಿ ಇದೆಯಲ್ಲ, ಅದಕ್ಕೆ ಆ ಚಿತ್ರದ ಪಾಲೂ ಇದೆ. ಹಾಡು ಕಾಗದದ ಮೇಲೆ ಉಳಿಯುವುದು ಒಂದು ರೀತಿ, ದನಿಯಾಗಿ ಉಳಿಯುವುದು ಇನ್ನೊಂದು ರೀತಿ.

ಈ ಮಾತು ಯಾಕೆ ಹೇಳಿದೆನೆಂದರೆ, ಸೋಸಲೆಯ ಹೊಳೆ ಮೆಟ್ಟಿಲಿನ ಹತ್ತಿರ ಒಬ್ಬ ಅಜ್ಜಿಯ ಜೊತೆ ಮಾತಿಗೆ ಕೂತಿದ್ದೆ. ಎಂಬತ್ತು ದಾಟಿರಬೇಕು. ಎಲೆಯಡಿಕೆ ಕುಟ್ಟಾಣಿ ಪಕ್ಕದಲ್ಲಿ. ಸುತ್ತಮುತ್ತಲಿನ ಮದುವೆಗಳಿಗೆ ಸೋಬಾನೆ ಹೇಳೋಕೆ ಹೋಗುತ್ತಿದ್ದರಂತೆ.

"ಈಗ್ಲೂ ಹೋಗ್ತೀರಾ ಅಜ್ಜಿ?" ಅಂದೆ.

"ಎಲ್ಲವ್ವ! ಮೊಮ್ಮಗಳ ಮದ್ವೇಲಿ ಎಣ್ಣೆ ಶಾಸ್ತ್ರ ಮಾಡುವಾಗ ನಾನೂ ನಮ್ಮ ಓರಗಿತ್ತೀನೂ ಎರಡು ಪದ ಹೇಳಕ್ಕೆ ಸುರು ಮಾಡುದ್ವಿ. ವೀಡಿಯಾದ ಹುಡುಗ ಬಂದು 'ಅಜ್ಜಿ, ಒಸಿ ಪಕ್ಕಕ್ಕೆ ಬನ್ನಿ, ಹಾಡು ಬ್ಯಾಡ, ನಾವು ಆಮೇಲೆ ಮ್ಯೂಸಿಕ್ ಹಾಕ್ತೀವಿ' ಅಂದ. ಸುಮ್ಕಾದ್ವಿ."

"ಆ ಪದ ಈಗ ಯಾರಿಗೆ ಬರುತ್ತೆ?"

"ನಮ್ಮ ಓರಗಿತ್ತಿ ಹೋದ್ ವರ್ಸ ಹೋಗ್ಬುಟ್ಲು. ನಂಗೆ ಅರ್ಧ ಬತ್ತದೆ, ಇನ್ನರ್ಧ ಅವಳಿಗೆ ಬತ್ತಿತ್ತು."

ಆ ವೀಡಿಯೊವನ್ನು ಅವರ ಮನೆಯವರು ಫೋನಿನಲ್ಲಿ ತೋರಿಸಿದರು. ಚೆನ್ನಾಗಿಯೇ ಇದೆ ಅನ್ನಿ. ಅರಿಶಿನದ ನೀರು ಹಾರುವುದು ನಿಧಾನವಾಗಿ, ಹನಿ ಹನಿಯಾಗಿ ಕಾಣುತ್ತದೆ. ಹಿಂದೆ ಒಂದು ಹಿಂದಿ ಸಿನಿಮಾ ಹಾಡು. ಅಜ್ಜಿಯ ಸೆರಗಿನ ಅಂಚು ಎರಡು ಕ್ಷಣ ಬಂದು ಹೋಗುತ್ತದೆ. ನಮ್ಮ ಸೀಮೆಯ ಮದುವೆಯಲ್ಲಿ ಚಪ್ಪರಕ್ಕೊಂದು ಪದ, ಎಣ್ಣೆ ಹಚ್ಚುವುದಕ್ಕೊಂದು, ಹಸೆಮಣೆಗೆ ಕರೆಯುವುದಕ್ಕೊಂದು, ಬೀಗರನ್ನು ಗೇಲಿ ಮಾಡುವುದಕ್ಕೊಂದು, ಕೊನೆಗೆ ಹೆಣ್ಣೊಪ್ಪಿಸುವಾಗ ಎಲ್ಲರನ್ನೂ ಅಳಿಸುವುದಕ್ಕೊಂದು. ಬರೆದಿಟ್ಟ ಪುಸ್ತಕ ನೋಡಿ ಕಲಿತವರು ಯಾರೂ ಅಲ್ಲ. ಅವ್ವನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಾಯಿಂದ ಬಾಯಿಗೆ ಬಂದದ್ದು.

ಇದರ ಬೆಲೆ ತಿಳಿದಿದ್ದವರು ಎಚ್.ಎಲ್. ನಾಗೇಗೌಡರು. ದೊಡ್ಡ ಸರ್ಕಾರಿ ಅಧಿಕಾರಿಯಾಗಿದ್ದವರು ಹಳ್ಳಿಯ ಹೆಂಗಸರ ಎದುರು ಕೂತು ಪದ ಬರೆದುಕೊಂಡರು, ಧ್ವನಿಮುದ್ರಣ ಮಾಡಿಸಿದರು. 'ಸೋಬಾನೆ ಚಿಕ್ಕಮ್ಮನ ಪದಗಳು' ಎಂದು ಒಬ್ಬ ಹಾಡುಗಾರ್ತಿಯ ಹೆಸರಿನಲ್ಲೇ ಪುಸ್ತಕ ತಂದರು. ಬೆಂಗಳೂರು ಮೈಸೂರು ರಸ್ತೆಯಲ್ಲಿ ರಾಮನಗರದ ಹತ್ತಿರ ಅವರು ಕಟ್ಟಿದ ಜಾನಪದ ಲೋಕವನ್ನು ನೀವು ನೋಡಿರಬಹುದು. ಇಂಥ ಧ್ವನಿ, ಚಿತ್ರಗಳ ದೊಡ್ಡ ಸಂಗ್ರಹವೇ ಅಲ್ಲಿದೆ. ಆದರೆ ನಿಮ್ಮ ಅತ್ತೆಯ ದನಿ ಅಲ್ಲಿ ಸಿಗುವುದಿಲ್ಲವಲ್ಲ. ಅದನ್ನು ಹಿಡಿಯಲು ಒಳ್ಳೆಯ ಕ್ಯಾಮರಾ, ಒಳ್ಳೆಯ ಮೈಕು, ಕೆಲಸ ಬಲ್ಲ ಮನುಷ್ಯ, ಮೂರೂ ನಿಮ್ಮ ಮನೆಗೆ ಒಟ್ಟಿಗೆ ಬರುವುದು ಮದುವೆಯ ಆ ಎರಡು ದಿನ ಮಾತ್ರ.

ಹಾಗಾದರೆ ಕಸುಬಿನವರನ್ನೇ ಕರೆಯಬೇಕೆ, ಅಣ್ಣನ ಮಗನ ಫೋನು ಸಾಲದೆ? ಕೇಳುವ ಪ್ರಶ್ನೆಯೇ. ಫೋನಿನಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ. ಧಾರೆಯ ಹೊತ್ತನ್ನು ನೆನೆಸಿಕೊಳ್ಳಿ. ಪುರೋಹಿತರು "ಗಟ್ಟಿಮೇಳ!" ಎಂದ ಕೂಡಲೇ ವಾಲಗ ಮುಗಿಲು ಮುಟ್ಟುತ್ತದೆ, ಎಲ್ಲರೂ ಅಕ್ಷತೆ ಎಸೆಯಲು ಎದ್ದು ನಿಲ್ಲುತ್ತಾರೆ, ಫೋನು ಹಿಡಿದ ಹತ್ತಾರು ಕೈ ಮೇಲೇಳುತ್ತವೆ. ತಾಳಿ ಕಟ್ಟುವ ಕೈ ಅವುಗಳ ಮಧ್ಯೆ ಕಾಣಿಸುವುದೇ ಇಲ್ಲ. ಕಸುಬು ಬಲ್ಲವನು ಹಸೆಮಣೆ ಎಲ್ಲಿ, ಹೋಮಕುಂಡ ಎಲ್ಲಿ ಎಂದು ಹಿಂದಿನ ಸಂಜೆಯೇ ನೋಡಿಕೊಂಡು ಜಾಗ ಹಿಡಿದಿರುತ್ತಾನೆ. ಒಂದು ಕ್ಯಾಮರಾ ಮದುಮಕ್ಕಳ ಮೇಲೆ, ಇನ್ನೊಂದು ಹೆತ್ತವರ ಮುಖದ ಮೇಲೆ. ಪುರೋಹಿತರ ಹತ್ತಿರವೋ ವರನ ಕೊರಳ ಬಳಿಯೋ ಚಿಕ್ಕ ಮೈಕು ಸಿಕ್ಕಿಸಿ ಶಬ್ದವನ್ನು ಬೇರೆಯೇ ಹಿಡಿಯುತ್ತಾನೆ. ವಾಲಗದ ನಡುವೆಯೂ ಮಂತ್ರ ಕೇಳಿಸುತ್ತದೆ. ಒಂದೇ ಹೊತ್ತಿಗೆ ಎರಡು ಕಾರ್ಡುಗಳಲ್ಲಿ ದಾಖಲಾಗುವ ಕ್ಯಾಮರಾ ಇಟ್ಟುಕೊಂಡಿರುತ್ತಾನೆ, ಒಂದು ಕೆಟ್ಟರೆ ಇನ್ನೊಂದಿದೆ. ಕರೆಂಟು ಹೋದರೆ, ಬ್ಯಾಟರಿ ಮುಗಿದರೆ ಎಂಬ ಯೋಚನೆಯೂ ಅವನದೇ. ಮುಹೂರ್ತವನ್ನು ಮತ್ತೊಮ್ಮೆ ಮಾಡಿಸಲಾಗುವುದಿಲ್ಲವಲ್ಲ. ದುಡ್ಡು ಕೊಡುವುದು ಈ ಎಚ್ಚರಕ್ಕೆ.

ನೀವು ಹೇಳದಿದ್ದರೆ ಅವನಿಗೆ ತಿಳಿಯದ್ದೂ ಇದೆ. ಊರಿನ ಶಾಸ್ತ್ರಗಳ ಒಂದು ಚೀಟಿ ಬರೆದು ಕೊಡಿ. ಸೋಬಾನೆ ಹೇಳುವಾಗ ಮೈಕು ಅಜ್ಜಿಯರ ಮುಂದಿರಲಿ, ಅದರ ಮೇಲೆ ಬೇರೆ ಹಾಡು ಹಾಕಬಾರದು ಎಂದು ಮೊದಲೇ ಖಂಡಿತವಾಗಿ ಹೇಳಿ. ಇನ್ನೊಂದು ಮಾತು. ಮನೆಯ ಹಿರಿಯರಲ್ಲಿ ಗಂಡನನ್ನು ಕಳೆದುಕೊಂಡವರು ಇನ್ನೂ ಎಷ್ಟೋ ಕಡೆ ತಾವಾಗಿ ಹಿಂದೆ ಸರಿದು, ಕಂಬದ ಮರೆಯಲ್ಲೋ ಅಡಿಗೆಮನೆಯಲ್ಲೋ ನಿಲ್ಲುತ್ತಾರೆ. ಮೂರು ಗಂಟೆಯ ವೀಡಿಯೊದಲ್ಲಿ ಮಗಳನ್ನು ಹೆತ್ತವಳೇ ಕಾಣದ ಮದುವೆಗಳನ್ನು ನಾನು ನೋಡಿದ್ದೇನೆ. ನನಗಂತೂ ಇದು ಸರಿಕಾಣುವುದಿಲ್ಲ. ಅವರನ್ನು ಕರೆದು ಮುಂದೆ ಕೂರಿಸಿ, ವೀಡಿಯೊದವರಿಗೂ ತೋರಿಸಿಕೊಡಿ. ಹಾಗೆಯೇ, ಹೆಂಗಸರು ಅಲಂಕಾರ ಮಾಡಿಕೊಳ್ಳುವ ಕೋಣೆಗೆ ಕ್ಯಾಮರಾ ಬೇಡ, ನಿಮ್ಮನ್ನು ಕೇಳದೆ ಯಾವ ತುಣುಕನ್ನೂ ಎಲ್ಲರಿಗೂ ಕಾಣುವಂತೆ ಹಾಕಬಾರದು ಎಂಬುದನ್ನೂ ಆಗಲೇ ಹೇಳಿಬಿಡಿ.

ಇನ್ನು ಮಗಳು ಕೇಳಿದ ತಲಕಾಡಿಗೆ ಹೋಗೋಣ, ನರಸೀಪುರದಿಂದ ಅರ್ಧ ಗಂಟೆಯ ದಾರಿ. ಗುಡ್ಡ ಗುಡ್ಡವಾಗಿ ಬಿದ್ದಿರುವ ಮರಳು, ಅದರೊಳಗೆ ಹುದುಗಿದ ಗುಡಿಗಳು, ಆಚೆ ತಣ್ಣಗೆ ಹರಿಯುವ ಕಾವೇರಿ. ನೋಡಲು ಬಲು ಚೆಂದ. ಅಲಮೇಲಮ್ಮನ ಶಾಪದ ಕಥೆ ನಿಮಗೆ ಗೊತ್ತೇ ಇದೆ. ತಲಕಾಡು ಮರಳಾಯಿತೆಂಬುದನ್ನು ಎಲ್ಲರೂ ನೆನೆಯುತ್ತಾರೆ. ಅದೇ ಶಾಪದಲ್ಲಿ ಮಾಲಂಗಿ ಮಡುವಾಗಲಿ ಎಂಬ ಮಾತೂ ಇತ್ತೆಂಬುದನ್ನು ಮರೆಯುತ್ತಾರೆ. ಮಡು ಅಂದರೆ ಆಳದ ನೀರು. ಮೇಲೆ ಕನ್ನಡಿಯ ಹಾಗೆ ಕಾಣುವ ಹೊಳೆಯ ಅಡಿಯಲ್ಲಿ ಸುಳಿಯಿದೆ, ಮರಳಿನ ಗುಂಡಿಯಿದೆ ಎಂದು ಇಲ್ಲಿನ ಜನ ತಲೆಮಾರುಗಳಿಂದ ಹೇಳುತ್ತಾ ಬಂದಿದ್ದಾರೆ.

2020ರ ನವೆಂಬರಿನಲ್ಲಿ ಇದೇ ತಲಕಾಡಿನ ಸಮೀಪ, ಮದುವೆಗೆ ಎರಡು ವಾರವೂ ಉಳಿದಿರದ ಒಂದು ಜೋಡಿ ಚಿತ್ರ ತೆಗೆಸಿಕೊಳ್ಳಲೆಂದು ತೆಪ್ಪ ಹತ್ತಿತು. ತೆಪ್ಪದಿಂದ ನೀರಿಗೆ ಬಿದ್ದವರು ಮೇಲೆ ಬರಲಿಲ್ಲ. ಹುಡುಗ, ಹುಡುಗಿ ಇಬ್ಬರೂ ಹೋದರು. ಲಗ್ನಪತ್ರಿಕೆ ಹಂಚಿದ ಮನೆಗಳಿಗೆ ಮತ್ತೆ ಯಾವ ಸುದ್ದಿ ಹೊತ್ತು ಹೋಗಿರಬೇಕು, ಯೋಚನೆ ಮಾಡಿ. ಸೀರೆಯುಟ್ಟು, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿ, ತೆಪ್ಪದಲ್ಲಿ ನಿಂತರೆ ಈಜು ಬಲ್ಲವಳಿಗೂ ಕಷ್ಟ. ಒದ್ದೆಯಾದ ಸೀರೆ ಕಾಲಿಗೆ ಸುತ್ತಿಕೊಂಡರೆ ಕಾಲು ಆಡಿಸುವುದೇ ಆಗದು. ಆದ್ದರಿಂದ ಮಗಳಿಗೆ ಮರಳಿನ ಮೇಲೆ ಎಷ್ಟು ಬೇಕಾದರೂ ನಡೆಯಲು ಹೇಳಿ, ಹೊಳೆಗೆ ಇಳಿಯುವುದು, ತೆಪ್ಪ ಹತ್ತುವುದು ಬೇಡವೇ ಬೇಡ. "ಸ್ವಲ್ಪ ಹಿಂದೆ ಹೋಗಿ, ಇನ್ನೂ ಸ್ವಲ್ಪ" ಎನ್ನುವ ಛಾಯಾಗ್ರಾಹಕನ ಕಣ್ಣು ಕ್ಯಾಮರಾದಲ್ಲಿರುತ್ತದೆ, ಅವಳ ಕಾಲಿನ ಕೆಳಗಲ್ಲ.

ಸೋಮನಾಥಪುರದ್ದು ಬೇರೆ ಕಥೆ. 1258ರಲ್ಲಿ ಹೊಯ್ಸಳ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯ ಅದು. ಬೇಲೂರು, ಹಳೇಬೀಡುಗಳ ಜೊತೆಗೆ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಮನೆಮಂದಿಯ ಫೋಟೋಕ್ಕೆ ಅಡ್ಡಿಯಿಲ್ಲ. ದೀಪ, ಕಾಲುಮಣೆ, ದೊಡ್ಡ ಕ್ಯಾಮರಾಗಳೊಡನೆ ಚಿತ್ರೀಕರಣ ಮಾಡುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಅದನ್ನು ವೀಡಿಯೊದವರೇ ಮೊದಲು ತರಲಿ. ಈ ಹುಚ್ಚು ಎಲ್ಲಿಯವರೆಗೆ ಹೋಗಿದೆ ಎಂದರೆ, 2024ರ ಫೆಬ್ರವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಭರಮಸಾಗರದಲ್ಲಿ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲೇ ಮದುವೆ ಮುಂಚಿನ ಚಿತ್ರ ತೆಗೆಸಿಕೊಂಡ ಗುತ್ತಿಗೆ ವೈದ್ಯರೊಬ್ಬರು ಕೆಲಸ ಕಳೆದುಕೊಂಡರು. ನಗಬೇಕೋ ಅಳಬೇಕೋ!

ನನ್ನನ್ನು ಕೇಳಿದರೆ, ಮದುವೆಗೆ ಮುಂಚಿನ ಚಿತ್ರಕ್ಕೆ ಸುರಿಯುವ ದುಡ್ಡಿನಲ್ಲಿ ಅರ್ಧ ಉಳಿಸಿ ಮದುವೆಯ ದಿನದ ಚಿತ್ರಕ್ಕೆ ಹಾಕಿ. ಆ ಚಿತ್ರಕ್ಕೆ ನಾವು ಬಾಯಿಬಿಟ್ಟು ಆಡದ ಇನ್ನೊಂದು ಉಪಯೋಗವಿದೆ, ಹೆಣ್ಣು ಹೆತ್ತವರು ಕಿವಿಗೊಟ್ಟು ಕೇಳಬೇಕಾದದ್ದು. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ, ಸಪ್ತಪದಿ ಇರುವ ಸಂಪ್ರದಾಯದಲ್ಲಿ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗುತ್ತದೆ. ಶಾಸ್ತ್ರವೇ ನಡೆಯದಿದ್ದರೆ ಬರೀ ನೋಂದಣಿ ಪತ್ರದಿಂದ ಮದುವೆಯಾದಂತಲ್ಲ ಎಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದೆ. ನಾಳೆ, ದೇವರು ಹಾಗೆ ಮಾಡದಿರಲಿ, "ಮದುವೆಯೇ ಆಗಿಲ್ಲ" ಎಂದು ಯಾರಾದರೂ ತಕರಾರು ತೆಗೆದರೆ, ಧಾರೆ, ತಾಳಿ, ಸಪ್ತಪದಿ ಸ್ಪಷ್ಟವಾಗಿ ಕಾಣುವ ವೀಡಿಯೊ ಅವಳ ಪರವಾಗಿ ಮಾತಾಡುತ್ತದೆ. ನೋಂದಣಿಯನ್ನಂತೂ ತಪ್ಪಿಸಬೇಡಿ, ಎರಡೂ ಇರಲಿ. 2024ರಿಂದ ಸರ್ಕಾರದ 'ಕಾವೇರಿ 2.0' ವ್ಯವಸ್ಥೆಯಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು.

ಒಡವೆಯ ವಿಷಯವೂ ಇದೆ. ವರದಕ್ಷಿಣೆ ಕೇಳುವುದು ತಪ್ಪು, ಕೊಡುವುದೂ ತಪ್ಪು. ಆದರೆ ಕೇಳದೆ, ಪ್ರೀತಿಯಿಂದ ಕೊಟ್ಟ ಉಡುಗೊರೆಗಳ ಪಟ್ಟಿಯನ್ನು ಬರೆದು ವಧೂವರರ ಸಹಿ ಹಾಕಿಸಿ ಇಡಬೇಕೆಂದು 1985ರ ನಿಯಮ ಹೇಳುತ್ತದೆ. ಎಷ್ಟು ಮನೆಯಲ್ಲಿ ಮಾಡುತ್ತೇವೆ? ಮುಯ್ಯಿ ಪುಸ್ತಕವನ್ನಂತೂ ಪೈಸೆ ಬಿಡದೆ ಬರೆಯುತ್ತೇವೆ! ಅದೇ 1985ರಲ್ಲಿ ಸುಪ್ರೀಂ ಕೋರ್ಟು, ಸ್ತ್ರೀಧನ ಹೆಣ್ಣಿನದೇ, ಗಂಡನ ಮನೆಯವರು ಅದನ್ನು ತಮ್ಮದೆಂದು ಇಟ್ಟುಕೊಳ್ಳುವಂತಿಲ್ಲ ಎಂದು ತೀರ್ಪು ಕೊಟ್ಟಿತು. ತವರಿನವರು ಒಡವೆ ತೊಡಿಸುವ ದೃಶ್ಯ, ಆ ಪಟ್ಟಿ, ಎರಡೂ ಇದ್ದರೆ ಬಾಯಿಮಾತಿನ ಜಗಳಕ್ಕೆ ಜಾಗವಿಲ್ಲ. ಇದಕ್ಕಾಗಿ ಹಾಡು ಸೇರಿಸಿ ಕತ್ತರಿಸಿದ ಪ್ರತಿಯ ಜೊತೆಗೆ, ಏನೂ ಕತ್ತರಿಸದ ಮೂಲ ಪ್ರತಿಯನ್ನೂ ಕೇಳಿ ಪಡೆಯಿರಿ. ಒಂದು ಗಂಟೆಯ ಉತ್ತಮ 4ಕೆ ಚಿತ್ರ ಸುಮಾರು 45 ಜಿ.ಬಿ. ಆಗುತ್ತದೆ, ಆದ್ದರಿಂದ ಹಾರ್ಡ್ ಡಿಸ್ಕ್ ನೀವೇ ಕೊಡಿಸಬೇಕಾದೀತು. ಎರಡು ಪ್ರತಿ ಮಾಡಿ ಒಂದು ತವರಿನಲ್ಲಿ, ಒಂದು ಮಗಳ ಮನೆಯಲ್ಲಿ ಇರಲಿ. ವಾಟ್ಸಾಪಿನಲ್ಲಿ ಬಂದದ್ದನ್ನು ಪ್ರತಿ ಎಂದು ನಂಬಿ ಕೂರಬೇಡಿ, ಅದರಲ್ಲಿ ಚಿತ್ರವನ್ನು ಕುಗ್ಗಿಸಿ ಕಳಿಸಿರುತ್ತಾರೆ.

ದುಡ್ಡಿನ ಮಾತು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಎಷ್ಟು ಜನ ಬರುತ್ತಾರೆ, ಎಷ್ಟು ಕ್ಯಾಮರಾ, ಯಾವ ತಾರೀಖಿಗೆ ಕೈಗೆ ಕೊಡುತ್ತಾರೆ, ಇವನ್ನು ಕಾಗದದ ಮೇಲೆ ಬರೆಸಿ. ಮೂರು ಕಂತಿನಲ್ಲಿ ಕೊಡಿ, ಕೊನೆಯ ಕಂತು ಪ್ರತಿ ಕೈಗೆ ಬಂದಮೇಲೆ. ರಸೀದಿ ಇಟ್ಟುಕೊಳ್ಳಿ. ದುಡ್ಡು ತೆಗೆದುಕೊಂಡು ವರ್ಷಗಟ್ಟಲೆ ಅಲೆಸಿದರೆ ಅದು ಸೇವೆಯ ಲೋಪ, ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 1915ಕ್ಕೆ ಫೋನು ಮಾಡಿದರೆ ದಾರಿ ಹೇಳುತ್ತಾರೆ. ಅಷ್ಟು ಅನುಕೂಲವಿಲ್ಲದವರು ಚಿಂತೆ ಮಾಡಬೇಡಿ. ಇಲ್ಲಿಗೆ ಹತ್ತಿರದ ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಯಲ್ಲಿ ಪ್ರತಿವರ್ಷ ಸಾಮೂಹಿಕ ವಿವಾಹಗಳು ನಡೆಯುತ್ತವೆ, ಸಾಲವಿಲ್ಲದೆ ಸಂಸಾರ ಆರಂಭವಾಗುತ್ತದೆ. ಅಂಥಲ್ಲಿ ಮನೆಯ ಒಬ್ಬ ಹುಡುಗನಿಗೆ "ಇವತ್ತು ನೀನು ಬೇರೇನೂ ಮಾಡಬೇಡ" ಎಂದು ಹೇಳಿ, ಫೋನನ್ನು ಅಡ್ಡಲಾಗಿ ಹಿಡಿಸಿ, ಮದುಮಕ್ಕಳ ಹತ್ತಿರವೇ ನಿಲ್ಲಿಸಿ. ಹಿಂದಿನ ರಾತ್ರಿ ಮನೆಯಲ್ಲಿ ಅಜ್ಜಿ ಪದ ಹೇಳುವಾಗ ಫ್ಯಾನು, ಟಿ.ವಿ. ನಿಲ್ಲಿಸಿ ಎರಡು ಮೊಳ ದೂರದಲ್ಲಿ ಫೋನಿಟ್ಟರೆ ದನಿ ಚೊಕ್ಕವಾಗಿ ಬರುತ್ತದೆ, ಒಂದು ಕಾಸಿನ ಖರ್ಚಿಲ್ಲ.

ಊರಿಗೆ ಮರಳಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮದೇ ಮದುವೆಯ ಕ್ಯಾಸೆಟ್ಟು ಎಲ್ಲಿದೆ ಹುಡುಕಿ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿ.ವಿ. ಬಂತು, ಅದರ ಬೆನ್ನಿಗೇ ವಿ.ಸಿ.ಆರ್. ಬಂತು, ನಮ್ಮ ಸಣ್ಣ ಊರುಗಳ ಮದುವೆಗೂ ವೀಡಿಯೊ ಬಂತು. ಒಬ್ಬನ ಹೆಗಲ ಮೇಲೆ ಕ್ಯಾಮರಾ, ಇನ್ನೊಬ್ಬನ ಕೈಯಲ್ಲಿ ಕಣ್ಣು ಕೋರೈಸುವ ದೀಪ, ಹಿಂದೆ ವೈರು ಎಳೆಯುವ ಹುಡುಗ. ಊಟದ ಪಂಕ್ತಿಯಲ್ಲಿ ಆ ದೀಪ ಬಂತೆಂದರೆ ಬಾಯಿಗಿಟ್ಟ ತುತ್ತು ಬಾಯಲ್ಲೇ! ತಾವರೆ ಹೂವಿನೊಳಗೆ ವಧೂವರರನ್ನು ಕೂರಿಸಿದ ಆ ಚಿತ್ರ ನೋಡಿ ಮಕ್ಕಳು ನಗಬಹುದು. ಆದರೆ ಆಗಿನವರು ಸುಮ್ಮನೆ ಕ್ಯಾಮರಾ ಓಡಿಸುತ್ತಾ ಬಿಡುತ್ತಿದ್ದುದರಿಂದ ಹಿನ್ನೆಲೆಯಲ್ಲಿ ಎಷ್ಟೋ ಮಾತು, ಹಾಡು ಹಾಗೇ ಸೇರಿಕೊಂಡಿರುತ್ತವೆ. ನಮ್ಮ ಮಳೆಗಾಲದ ತೇವಕ್ಕೆ ಈ ಟೇಪುಗಳಿಗೆ ಬೂಷ್ಟು ಹಿಡಿಯುತ್ತದೆ, ಬಿಳಿ ಪುಡಿಯಂತೆ ಅಂಚಿನಲ್ಲಿ ಕಾಣುತ್ತದೆ. ಹಾಗಿದ್ದರೆ ಹಳೆಯ ಯಂತ್ರಕ್ಕೆ ಹಾಕಿ ಓಡಿಸಲೇಬೇಡಿ, ಟೇಪೂ ಹರಿಯುತ್ತದೆ, ಯಂತ್ರವೂ ಕೆಡುತ್ತದೆ. ಆ ಯಂತ್ರಗಳನ್ನು ಕೊನೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯಿ ಕಂಪನಿಯೂ 2016ರ ಜುಲೈಗೆ ನಿಲ್ಲಿಸಿತು. ರಿಪೇರಿ ಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಮೈಸೂರಿನಂಥ ಊರುಗಳಲ್ಲಿ ಕ್ಯಾಸೆಟ್ಟನ್ನು ಶುಚಿ ಮಾಡಿ ಕಂಪ್ಯೂಟರಿಗೆ ಇಳಿಸಿಕೊಡುವ ಸ್ಟುಡಿಯೋಗಳಿವೆ, ಕೇಳಿ ನೋಡಿ. ಕೊಡುವಾಗ ಕ್ಯಾಸೆಟ್ಟಿನ ಮೇಲೆ ಹೆಸರು, ತಾರೀಖು ಬರೆದು ಕೊಡಿ. ಬಣ್ಣ ಹೋಗಿ ಮುಖಗಳು ಕಾಣದೆ ಬರೀ ಗೀರುಗಳೇ ಬಂದರೂ, "ಶಬ್ದ ಕೇಳಿಸ್ತದಲ್ಲಪ್ಪ, ಅದನ್ನ ಬೇರೆ ಇಳಿಸಿಕೊಡು" ಎಂದು ಹೇಳಿ.